ಮೋಟುಕಂಬದ ಎಡಕ್ಕೆ

ಗುಹೆ ನೋಡಲು ಬರುವವರನ್ನು ಗೈಡ್ ಸಿಡುಕಣ್ಣ ಮನುಷ್ಯರ ಲೆಕ್ಕಕ್ಕೆ ಸೇರಿಸಿದವನೇ ಅಲ್ಲ. ಕಣಿವೆಯಲ್ಲಿ ಎರಡು ತಾಸು ನಡೆಯುವಷ್ಟರಲ್ಲಿ ಅರ್ಧ ಜನ ಏದುಸಿರು ಬಿಡುತ್ತಿದ್ದರು. ಉಳಿದವರು ಸುಣ್ಣಕಲ್ಲಿನ ಗುಹೆ ಹೊಕ್ಕ ಕೂಡಲೇ ಕಂಡದ್ದಕ್ಕೆಲ್ಲ ಕೈ ಹಾಕುತ್ತಿದ್ದರು. "ಕೈ ಹಿಂದೆ ಕಟ್ಕೊಳ್ಳಿ. ನಿಮ್ಮ ಮುತ್ತಜ್ಜ ಹುಟ್ಟೋಕೆ ಮುಂಚಿಂದ ಬೆಳೀತಾ ಇರೋ ಕಲ್ಲಿದು," ಎಂದು ಗದರುತ್ತಿದ್ದ. ಮೂವತ್ತು ವರ್ಷದಿಂದ ಇದೇ ಪಾಠ.

ಒಳಗಿನ ದೊಡ್ಡ ಕೋಣೆಯಲ್ಲಿ ನೆಲದಿಂದೆದ್ದ ಹತ್ತಾರು ಸುಣ್ಣದ ಕಂಬಗಳು. ಒಂದರ ತುದಿ ಮಾತ್ರ ಮುರಿದಿತ್ತು. ಯಾವನೋ ತಲೆಕೆಟ್ಟವನ ಕೆಲಸ ಎಂದು ಎಲ್ಲರಿಗೂ ತೋರಿಸುತ್ತಿದ್ದ. ಆ ತಲೆಕೆಟ್ಟವನು ಯಾರೆಂದು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು. ಕೆಲಸಕ್ಕೆ ಸೇರಿದ ವರ್ಷ ಪಕ್ಕದ ಬಂಡೆ ಹತ್ತಲು ಹೋಗಿ, ತುದಿಗೆ ಕಾಲು ಕೊಟ್ಟು ಮುರಿದವನು ಇವನೇ. ಆಮೇಲೆ ಅದನ್ನೇ ಗುರುತು ಮಾಡಿಕೊಂಡ. ಮೋಟುಕಂಬದ ಎಡಕ್ಕೆ ತಿರುಗಿದರೆ ಹೊರದಾರಿ.

ಹೊಸ ಮೇಲ್ವಿಚಾರಕ ಬಂದ. ಇಸ್ತ್ರಿ ಕೆಡದ ಪ್ಯಾಂಟು, ಕೆಸರು ಕಾಣದ ಮೊಣಕಾಲು. ಶುಚಿ ಮಾಡಿಸಬೇಕೆಂದು ಹದಿನೈದು ದಿನ ಗುಹೆ ಮುಚ್ಚಿಸಿದ. ದಾರಿಯುದ್ದಕ್ಕೂ ಕೆಂಪು ಬಾಣ ಬರೆಸಿದರೆ ಗೈಡುಗಳೇ ಬೇಡ ಎಂದ. ಸಿಡುಕಣ್ಣನಿಗೆ ಮೈ ಉರಿಯಿತು.

"ಒಂದ್ಸಲ ನನ್ನ ಜೊತೆ ಬನ್ನಿ ಸರ್. ಬಾಣ ಬೇಕೋ ನಾನು ಬೇಕೋ, ಆಮೇಲೆ ಹೇಳಿ."

ಗುಹೆ ಮತ್ತೆ ತೆರೆದ ದಿನ ಬೆಳಗ್ಗೆ ಸಿಡುಕಣ್ಣನ ಮೊಣಕಾಲಿಗೆ ದಪ್ಪ ಬಟ್ಟೆ ಕಟ್ಟುತ್ತ ಹೆಂಡತಿ, "ಬಾಯಿ ಸ್ವಲ್ಪ ಹಿಡ್ಕೊಳ್ಳಿ. ಕೆಲಸ ಹೋದ್ರೆ ನಿಮ್ಮ ಸಿಡುಕು ಕೇಳೋಕೆ ಉಳಿಯೋದು ನಾನೊಬ್ಬಳೇ," ಎಂದಳು.

"ಆ ಇಸ್ತ್ರಿಪೆಟ್ಟಿಗೆಗೆ ಬುದ್ಧಿ ಕಲಿಸಿ ಬರ್ತೀನಿ, ಸುಮ್ನಿರು."

ಒಳಗೆ ಹೋಗುವಾಗ ಮೇಲ್ವಿಚಾರಕನ ಜೊತೆಗೆ ಬಂದಿದ್ದ ಹನ್ನೊಂದು ಜನ ಪ್ರವಾಸಿಗರನ್ನೂ ಬೈಯುವುದರಲ್ಲೇ ಮುಳುಗಿದ್ದ. ಕಂಬಗಳ ಕಡೆ ನೋಡಲೇ ಇಲ್ಲ. ಹಿಂತಿರುಗುವಾಗ ಮೋಟುಕಂಬ ಕಾಣಲಿಲ್ಲ. ಮುಂದಿರಬೇಕು ಎಂದುಕೊಂಡು ನಡೆದ; ದಾರಿ ಗೋಡೆಗೆ ಮುಗಿಯಿತು. ಇನ್ನೊಂದು ಕಡೆ ನುಗ್ಗಿದ, ಅಲ್ಲೂ ಗೋಡೆ. ಒಬ್ಬಾಕೆಯ ಟಾರ್ಚು ಮಂಕಾಗತೊಡಗಿತು.

"ದಾರಿ ತಪ್ಪಿತಾ?" ಎಂದ ಮೇಲ್ವಿಚಾರಕ.

"ನನಗಾ?" ಎಂದು ಗದರಿದ ಸಿಡುಕಣ್ಣ, ಆದರೂ ಹಿಂದಕ್ಕೆ ತಿರುಗಿದ.

ದೊಡ್ಡ ಕೋಣೆಗೆ ಮರಳಿ ಬಂದು, ಎಲ್ಲರೆದುರೇ ಒಂದೊಂದು ಕಂಬವನ್ನೂ ಕೈಯಿಂದ ತಡವುತ್ತ ಹೋದ. ಎಲ್ಲವೂ ಒದ್ದೆ, ನುಣುಪು. ಏಳನೆಯದರ ತುದಿ ಒಣಗಿ ಒರಟಾಗಿತ್ತು.

"ಇದಕ್ಕೆ ಸಿಮೆಂಟು ಮೆತ್ತಿದ್ದು ಯಾರು?"

"ನಾನೇ ಮಾಡಿಸ್ದೆ," ಎಂದ ಮೇಲ್ವಿಚಾರಕ ಹೆಮ್ಮೆಯಿಂದ. "ಅಷ್ಟು ಚೆಂದದ ಕಂಬಾನ ಯಾವನೋ ಅಯೋಗ್ಯ ಮುರಿದು ಹಾಕಿದ್ದ."

ಸಿಡುಕಣ್ಣನ ಬಾಯಿತುಂಬ ಬೈಗುಳ ತುಂಬಿಕೊಂಡಿತು. ತಪ್ಪನ್ನೆಲ್ಲ ಈ ಮಹಾಶಯನ ತಲೆಗೆ ಕಟ್ಟಿದರೆ ಕೆಲಸ ಉಳಿಯುತ್ತಿತ್ತು. ಬೈಯಲು ತಿರುಗಿದ. ಹನ್ನೊಂದು ಜನ ಹೆದರಿ ಬಿಳಿಚಿಕೊಂಡು ನಿಂತಿದ್ದರು. ಆದರೂ ಅವನು ಹೇಳಿದಂತೆಯೇ ಕೈ ಹಿಂದೆ ಕಟ್ಟಿಕೊಂಡಿದ್ದರು. ಒಬ್ಬರೂ ಒಂದು ಕಲ್ಲನ್ನೂ ಮುಟ್ಟಿರಲಿಲ್ಲ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಆ ಅಯೋಗ್ಯ ನಾನೇ ಸರ್. ಇಲ್ಲಿಂದ ಎಡಕ್ಕೆ ತಿರುಗಿ. ಬಾಣ ಬರೆಸಿಬಿಡಿ."

ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಎಲ್ಲರನ್ನೂ ಮುಂದೆ ಕಳಿಸಿ ಹಿಂದಿನಿಂದ ನಡೆದ.