ಅಣ್ಣ ಓದದೆ ಬಿಟ್ಟ ಹಾಳೆ

ಕಾನಹೊಸಹಳ್ಳಿಯಲ್ಲಿ ಬಸ್ಸುಗಳ ಕಿಟಕಿಗೆ ಕೈಯೆತ್ತಿ ಶೇಂಗಾ ಮಾರುತ್ತಿದ್ದ ಬೊಮ್ಮಕ್ಕನಂಥ ಇನ್ನೊಬ್ಬ ಹಟಮಾರಿಯನ್ನು ನಾನು ಕಂಡಿಲ್ಲ. ಆಗ ಸಾಕ್ಷರತಾ ಆಂದೋಲನದ ಕಾಲ, ತೊಂಬತ್ತನಾಲ್ಕೋ ತೊಂಬತ್ತೈದೋ. ಪಿಯುಸಿ ಫೇಲಾಗಿ ಮನೆಯಲ್ಲಿ ಬೈಸಿಕೊಳ್ಳುತ್ತ ಕೂತಿದ್ದ ನನ್ನನ್ನೇ ಹಿಡಿದು ಓಣಿಯ ಹೆಂಗಸರಿಗೆ ಟೀಚರ್ ಮಾಡಿದ್ದರು. ಉಳಿದವರು ಸಹಿ ಬಂದರೆ ಸಾಕು ಎನ್ನುತ್ತಿದ್ದರು. ಐವತ್ತರ ಹತ್ತಿರದ ಬೊಮ್ಮಕ್ಕ ಮೊದಲ ದಿನವೇ ಹೇಳಿಬಿಟ್ಟಳು: “ನನಗ ಸಹಿ ಗಿಹಿ ಬ್ಯಾಡ ಗಂಗವ್ವ. ಹೆಬ್ಬೆಟ್ಟು ಗಟ್ಟಿ ಐತಿ. ನನಗ ಒಂದು ಪುಸ್ತಕ ಓದೂದೈತಿ.”

“ಯಾವ ಪುಸ್ತಕ್ರಿ?”

“ಹೆಸರು ಗೊತ್ತಿಲ್ಲ. ಟಗರಿನ ಮ್ಯಾಲೆ ಹುಡುಗಿ ಕುಂತಾಳ. ಕೈಯಾಗ ಛತ್ರಿ ಹಿಡದಾಳ.”

ಅಯ್ಯ ಶಿವನೇ, ಹೆಸರೇ ಇಲ್ಲದ ಪುಸ್ತಕವನ್ನು ನಾನು ಎಲ್ಲಿಂದ ತರಲಿ!

ಆಮೇಲೆ ಬಿಡಿಸಿ ಹೇಳಿದಳು. ಅವಳ ತವರು ಬಾಗಳಿ. ಅವಳಿಗೆ ಬುದ್ಧಿ ತಿಳಿಯುವ ಮೊದಲೇ ಅವ್ವ ತೀರಿಹೋಗಿದ್ದಳು. ಒಂದೆರಡು ವರ್ಷ ಶಾಲೆಗೆ ಹೋಗಿದ್ದ ಅಣ್ಣ ಹನುಮಣ್ಣ ಒಂದು ಚಿತ್ರದ ಪುಸ್ತಕ ತಂದಿದ್ದ. ದಿನಾ ಸಂಜೆ ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುತ್ತಿದ್ದ. ಕಾಣೆಯಾದ ಅವ್ವನನ್ನು ಹುಡುಕಿಕೊಂಡು ಹುಡುಗಿಯೊಬ್ಬಳು ಟಗರು ಹತ್ತಿ ಹೊರಡುವ ಕಥೆ. ಬಾವಿಯನ್ನು ಕೇಳುತ್ತಾಳೆ, ಹುಣಸೆಮರವನ್ನು ಕೇಳುತ್ತಾಳೆ, ಸಂತೆಯಲ್ಲಿ ಬಳೆಗಾರನನ್ನು ಕೇಳುತ್ತಾಳೆ. ಕೊನೆಗೆ ಒಂದು ಮನೆಯ ಬಾಗಿಲು ಬಡಿಯುತ್ತಾಳೆ. ಅಲ್ಲಿಗೆ ಅಣ್ಣ ಪುಸ್ತಕ ಮುಚ್ಚುತ್ತಿದ್ದ. ಒಂದೇ ಒಂದು ಹಾಳೆ ಉಳಿಯುತ್ತಿತ್ತು. “ನಾಳೆ” ಎನ್ನುತ್ತಿದ್ದ. ನಾಳೆ ಮತ್ತೆ ಮೊದಲಿನಿಂದ. ಹೀಗಿರುವಾಗಲೇ ಒಂದು ಮಳೆಗೆ ಮನೆ ಸೋರಿ ಪುಸ್ತಕ ಮುದ್ದೆಯಾಯಿತು.

“ಆ ಹುಡುಗಿಗೆ ಅವ್ವ ಸಿಕ್ಳೋ ಇಲ್ಲೋ? ಅಷ್ಟು ಗೊತ್ತಾದ್ರ ಸಾಕು ನೋಡವ್ವ.”

“ಅಣ್ಣನ್ನೇ ಕೇಳಬೇಕಿಲ್ಲೇನ್ರಿ?”

“ಕೇಳಿದ್ರ ನಗ್ತಾನ. ಮರತೀನಿ ಅಂತಾನ.”

ನನಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡೆ. ಮೊಮ್ಮಕ್ಕಳನ್ನು ಕಂಡ ಹೆಂಗಸು ಅದು, ಆದರೂ ಕೇಳುವಾಗ ಚಿಕ್ಕ ಹುಡುಗಿಯಂತೆ ನನ್ನ ಕೈ ಹಿಡಿದುಕೊಂಡಿದ್ದಳು.

ಒತ್ತಕ್ಷರಗಳಿಗೆ ಬಾಯಿಗೆ ಬಂದಂತೆ ಬೈಯುತ್ತಲೇ ಬೊಮ್ಮಕ್ಕ ಓದು ಕಲಿತಳು. ನಾನು ಕೂಡ್ಲಿಗಿ, ಕೊಟ್ಟೂರಿಗೆ ಹೋದಾಗಲೆಲ್ಲ ಲೈಬ್ರರಿಗಳಲ್ಲಿ ಟಗರಿನ ಪುಸ್ತಕ ಕೇಳಿ ನಗೆಪಾಟಲಾದೆ. ಕೊನೆಗೆ ನಮ್ಮೂರಲ್ಲೇ, ರಿಟೈರಾದ ಶಿವಯೋಗಪ್ಪ ಮಾಸ್ತರು ಅಟ್ಟ ಖಾಲಿ ಮಾಡಿ ತಮ್ಮ ಕಾಲದ ಮಕ್ಕಳ ಪುಸ್ತಕಗಳನ್ನು ಚೀಲ ತುಂಬಿ ಕಳಿಸಿದರು. ಪಿನ್ನುಗಳು ತುಕ್ಕು ಹಿಡಿದಿದ್ದವು. ಚಿತ್ರಗಳಿಗೆ ಕೆಂಪು, ಹಸಿರು ಎರಡೇ ಬಣ್ಣ. ಚೀಲ ಸುರುವಿದ್ದೇ ತಡ, ಬೊಮ್ಮಕ್ಕ “ಯವ್ವಾ!” ಎಂದು ಒಂದನ್ನು ಕಸಿದುಕೊಂಡಳು. ಟಗರು, ಹುಡುಗಿ, ಛತ್ರಿ. ಮುಖಕ್ಕೆ ಒತ್ತಿಕೊಂಡು ಅದರ ವಾಸನೆ ನೋಡಿದಳು. ಬಹಳ ಹೊತ್ತು ಮುಖ ತೆಗೆಯಲೇ ಇಲ್ಲ.

ನನ್ನನ್ನು ಓದಗೊಡಲಿಲ್ಲ. ತಾನೇ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಹುಡುಗಿ ಉಪ್ಪು ತರಲು ಸಂತೆಗೆ ಹೋಗುತ್ತಾಳೆ, ಬಳೆಗಾರನಿಂದ ಮೋಸ ಹೋಗುತ್ತಾಳೆ, ಮನೆಗೆ ಮರಳುತ್ತಾಳೆ. ಇಡೀ ಪುಸ್ತಕದಲ್ಲಿ ಅವ್ವನೇ ಇಲ್ಲ. ಕೊನೆಯ ಹಾಳೆಯಲ್ಲೂ ಹುಡುಗಿ ಬಾಗಿಲ ಮುಂದೆಯೇ ನಿಂತಿದ್ದಾಳೆ, ಕೆಳಗೆ ಒಂದೇ ಸಾಲು: ‘ಆದುದರಿಂದ ಮಕ್ಕಳೇ, ಪೇಟೆಯಲ್ಲಿ ಬೆಲೆಯನ್ನು ವಿಚಾರಿಸಿಯೇ ಪದಾರ್ಥಗಳನ್ನು ಕೊಳ್ಳತಕ್ಕದ್ದು.’

“ಇಷ್ಟ ಏನು? ಇದಕ್ಕ ನಾ ಕಣ್ಣು ಕಳಕೊಂಡ್ನಾ?” ಎಂದು ರೇಗಿದಳು. “ನಡಿ ಬಾಗಳಿಗೆ. ನನಗ ಏನು ಓದಿ ಹೇಳಿದ್ಯೋ ಅಂತ ಅಣ್ಣನ್ನ ಕೇಳೇ ಬಿಡ್ತೀನಿ.”

ಭಾನುವಾರ ಬಸ್ಸು ಬದಲಿಸುತ್ತ ಹೋದೆವು. ದಾರಿಯುದ್ದಕ್ಕೂ ಬೊಮ್ಮಕ್ಕ ಬುಸುಗುಡುತ್ತಿದ್ದಳು. ಹನುಮಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಪುಸ್ತಕ ನೋಡಿದವನೇ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಟಗರಿನ ಕೊಂಬನ್ನು ಬೆರಳಿನಿಂದ ಸವರಿದ. ಅಣ್ಣನ ಆ ಮುಖ ಕಂಡು ಇವಳ ಸಿಟ್ಟು ಇಳಿದುಹೋಯಿತು.

“ಅಣ್ಣಾ, ಕೊನಿ ಹಾಳಿ ಯಾಕ ಓದ್ತಿದ್ದಿಲ್ಲ?” ಎಂದಷ್ಟೇ ಕೇಳಿದಳು.

“ನನಗ ಅಕ್ಷರ ಎಲ್ಲಿ ಬರ್ತಿದ್ವು ಬೊಮ್ಮಿ? ಮಾಸ್ತರ ಎಮ್ಮಿ ಕಾಯೂದ್ರಾಗ ನನ್ನ ಶಾಲಿ ಮುಗೀತು. ಅದಕ್ಕ ಖುಷಿಯಾಗಿ ಕೊಟ್ಟ ಪುಸ್ತಕ ಅದು. ನೀ ಅವ್ವ ಬೇಕು ಅಂತ ಅಳ್ತಿದ್ದಿ. ಚಿತ್ರ ನೋಡಿ ಬಾಯಿಗೆ ಬಂದದ್ದು ಹೇಳ್ತಿದ್ದೆ. ಅವ್ವ ಸಿಕ್ಳು ಅಂದ್ರ, ನಮ್ಮವ್ವ ಎಲ್ಲಿ ಅಂತಿದ್ದಿ. ಸಿಗಲಿಲ್ಲ ಅಂದ್ರ ಎದಿ ಒಡಕೊಂತಿದ್ದಿ. ಏನಂತ ಓದ್ಲಿ ಹೇಳು?”

ಆಗ ಅವನಿಗಾದರೂ ಎಷ್ಟು ವಯಸ್ಸು, ಎಂಟೋ ಒಂಬತ್ತೋ.

“ಅಲ್ಲಿ ಖರೇ ಏನು ಬರದಾರೋ ಅಂತ ನನ್ನ ಜೀವಾನೂ ಎಳೀತಿತ್ತು,” ಎಂದ ಹನುಮಣ್ಣ. “ಈಗ ನಿನಗ ಬರ್ತೈತಲ್ಲ, ಓದವ್ವ.”

ಬೊಮ್ಮಕ್ಕ ಕೊನೆಯ ಹಾಳೆ ತೆರೆದು ‘ಆದುದರಿಂದ ಮಕ್ಕಳೇ’ಯ ಕೆಳಗೆ ಬೆರಳಿಟ್ಟಳು. ಪಕ್ಕದಲ್ಲಿ ಕೂತಿದ್ದ ನಾನೂ ಆ ಸಾಲನ್ನೇ ನೋಡುತ್ತಿದ್ದೆ. ಅವಳು ಬೆರಳನ್ನು ಮೆಲ್ಲಗೆ ಸರಿಸುತ್ತ, ಎಂದಿನಂತೆ ತಡವರಿಸುತ್ತ ಓದಿದಳು.

“ಬಾಗಲ… ತಗೀತು. ಒಳಗ ಅವ್ವ ಇದ್ಲು. ‘ಬಂದ್ಯಾ ಮಗಳ’ ಅಂದ್ಲು. ‘ನಿನ್ನ ಎತಗೊಂಡು ತಿರಗಿದ ಅಣ್ಣ ಎಲ್ಲಿ? ಅವನೂ ಹಸದಿರ್ತಾನ… ಒಳಗ ಕರಿ’ ಅಂದ್ಲು.”

ಹನುಮಣ್ಣ ಹಗ್ಗ ಬಿಟ್ಟು ಹಾಳೆಯ ಮೇಲೆ ಬಗ್ಗಿದ.

“ನನ್ನೂ ಕೇಳ್ಯಾಳಾ?”

“ಕೇಳ್ಯಾಳ ಅಣ್ಣಾ. ಇಲ್ಲೇ ಐತಿ ನೋಡು,” ಎಂದು ಬೊಮ್ಮಕ್ಕ ‘ಪೇಟೆಯಲ್ಲಿ’ ಎಂಬ ಪದವನ್ನು ತೋರಿಸಿದಳು. ಅವನು ಆ ಅಕ್ಷರಗಳನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.