ಕೊನೆಯ ರೀಲು ಬಾರದ ಭಾನುವಾರ

ನಾನು ಚಿಕ್ಕವಳಿದ್ದಾಗ ನಮ್ಮ ಲಕ್ಷ್ಮೇಶ್ವರಕ್ಕೆ ಸಿನಿಮಾ ಬಸ್ಸಿನ ಮೇಲೆ ಕೂತು ಬರುತ್ತಿತ್ತು. ನಗಬೇಡಿ ಮಕ್ಕಳೇ, ನಿಜ ಹೇಳುತ್ತಿದ್ದೇನೆ. ಗದಗಿನಿಂದ ಬರುವ ಬೆಳಗಿನ ಬಸ್ಸಿನ ಟಾಪಿನ ಮೇಲೆ, ಮೆಣಸಿನಕಾಯಿ ಚೀಲಗಳ ನಡುವೆ, ತಗಡಿನ ಪೆಟ್ಟಿಗೆಗಳೊಳಗೆ ಸುರುಳಿ ಸುತ್ತಿಕೊಂಡು ರಾಜ, ರಾಕ್ಷಸ, ಆನೆ, ಕುದುರೆ ಎಲ್ಲರೂ ಬರುತ್ತಿದ್ದರು. ಅವರನ್ನು ಇಳಿಸಿಕೊಂಡು, ಕೈಗಾಡಿಯಲ್ಲಿ ತಳ್ಳಿಕೊಂಡು ಟಾಕೀಜಿಗೆ ತರುವುದು ಅಪ್ಪನ ಕೆಲಸ. ಅಲ್ಲಿಯ ಮಷೀನ್ ನಡೆಸುತ್ತಿದ್ದವನೂ ಅಪ್ಪನೇ. ಮಷೀನಿನೊಳಗೆ ಬೆಳಕಿಗಾಗಿ ಉರಿಯುವ ಕಪ್ಪು ಕಡ್ಡಿಯ ಸುಟ್ಟ ವಾಸನೆ ಅವನ ಬೆರಳುಗಳಿಗೆ ಸದಾ ಅಂಟಿಕೊಂಡಿರುತ್ತಿತ್ತು.

ನಾನು ಬಹಳ ಅಂಜುಬುರುಕಿ. ಶಾಲೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಮಗ್ಗಿಯೂ ಗಂಟಲಲ್ಲೇ ಉಳಿಯುತ್ತಿತ್ತು, ಮೊಣಕಾಲು ನಡುಗುತ್ತಿದ್ದವು. ಅಕ್ಕ ಹಾಗಲ್ಲ. ನನಗಿಂತ ಮೂರು ವರ್ಷ ದೊಡ್ಡವಳು, ಊರಿಗೆಲ್ಲ ಕೇಳುವಂಥ ದನಿ. ನನ್ನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು.

ಒಮ್ಮೆ ಬೆಟಗೇರಿಯ ಮಾವನ ಮನೆಗೆ ಹೋದಾಗ ಅವನು ನಮ್ಮಿಬ್ಬರಿಗೂ ಒಂದು ಸಿನಿಮಾ ತೋರಿಸಿದ. ಅದರಲ್ಲಿ ಒಬ್ಬ ರಾಕ್ಷಸ ಊರಿನ ಹೊಳೆಯನ್ನೆಲ್ಲ ತನ್ನ ಗವಿಯೊಳಗಿನ ಒಂದು ದೊಡ್ಡ ಹರವಿಯಲ್ಲಿ ತುಂಬಿಟ್ಟುಕೊಂಡಿದ್ದ. ಮನೆಯಷ್ಟು ಎತ್ತರದ ಮಣ್ಣಿನ ಹರವಿ! ಕತ್ತಿ ಹಿಡಿದು ಹೋದ ರಾಜಕುಮಾರರೆಲ್ಲ ಕಲ್ಲಾಗಿ ನಿಂತಿದ್ದರು. ಕೊನೆಗೆ ಹೊರಟವಳು ಗಡಿಗೆ ಮಾಡುವವರ ಮನೆಯ ಹುಡುಗಿ, ನನ್ನಷ್ಟೇ ದೊಡ್ಡವಳು. ಅವಳ ಹತ್ತಿರ ಮಂತ್ರವಿರಲಿಲ್ಲ, ಆಯುಧವಿರಲಿಲ್ಲ. ಬಗಲಲ್ಲಿ ರೊಟ್ಟಿಯ ಬುತ್ತಿ ಮಾತ್ರ. ಗವಿಯ ಬಾಗಿಲಿಗೆ ಬಂದಾಗ ಅವಳ ಮೊಣಕಾಲು ನಡುಗಿದವು. ಆದರೂ ಒಳಗೆ ಹೋದಳು. ಅದುವರೆಗೆ ನಾನು ನೋಡಿದ್ದ ಯಾವ ಸಿನಿಮಾದ ವೀರನೂ ನಡುಗಿರಲಿಲ್ಲ. ನಾನು ಅವಳನ್ನು ಕಣ್ಣು ಮಿಟುಕಿಸದೆ ನೋಡಿದೆ. ಆದರೆ ಕೊನೆಯಲ್ಲಿ ಏನಾಯಿತು ಗೊತ್ತೇ? ಕಲ್ಲಾಗಿದ್ದ ಒಬ್ಬ ರಾಜಕುಮಾರ ದಿಢೀರನೆ ಎದ್ದು, ರಾಕ್ಷಸನನ್ನು ಕಡಿದುಹಾಕಿದ. ಹುಡುಗಿ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದಳು, ಅಷ್ಟೇ. ನನಗೆ ಎಷ್ಟು ಸಿಟ್ಟು ಬಂತೆಂದರೆ ಅಂದು ಮಾವನ ಮನೆಯಲ್ಲಿ ಊಟ ಬೇಡವೆಂದು ಕೂತೆ. ಅಕ್ಕನಿಗೆ ಏನೂ ಅನಿಸಲಿಲ್ಲ. ಅವಳು ಅರ್ಧ ಸಿನಿಮಾಕ್ಕೇ ನಿದ್ದೆ ಹೋಗಿದ್ದಳು.

ಹದಿನೈದು ದಿನಗಳಲ್ಲಿ ಅದೇ ಸಿನಿಮಾ ನಮ್ಮೂರಿಗೂ ಬಂತು. ಭಾನುವಾರ ಮಧ್ಯಾಹ್ನದ ಮೊದಲ ಆಟ. ತಗಡಿನ ಚಾವಣಿ ಕಾದು ಮೇಲಿನಿಂದ ಬಿಸಿ ಇಳಿಯುತ್ತಿತ್ತು. ಶೇಂಗಾ ಸಿಪ್ಪೆ, ಬೀಡಿ ಹೊಗೆ, ಹೆಂಗಸರು ಮುಡಿದ ಮಲ್ಲಿಗೆ, ಬೆವರು, ಎಲ್ಲ ವಾಸನೆಯೂ ಕಲೆಸಿಹೋಗಿತ್ತು. ನಾವಿಬ್ಬರೂ ಹೆಂಗಸರ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದೆವು. ಹುಡುಗಿ ಗವಿಯೊಳಗೆ ಕಾಲಿಟ್ಟಳು, ರಾಕ್ಷಸ ಗೊರಕೆ ಹೊಡೆಯುತ್ತಿದ್ದ, ಮುಂದೆ ಹರವಿ. ಅಲ್ಲಿಗೆ ಪರದೆ ಬೆಳ್ಳಗಾಯಿತು.

ಮೊದಲು ಸೀಟಿ ಹೊಡೆದರು, ಆಮೇಲೆ ಕೂಗಿದರು, ಆಮೇಲೆ ಬೆಂಚುಗಳನ್ನು ಬಡಿಯತೊಡಗಿದರು. "ಕೊನಿ ಎಲ್ಲೈತಿ? ಕೊನಿ ತೋರಿಸ್ರಿ!" ಅಪ್ಪ ಮಷೀನಿನ ಕೋಣೆಯಿಂದ ಇಳಿದು ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಬೆಳಿಗ್ಗೆ ಇಳಿಸುವ ಗಡಿಬಿಡಿಯಲ್ಲಿ ಕೊನೆಯ ರೀಲಿದ್ದ ಒಂದು ಸಣ್ಣ ಪೆಟ್ಟಿಗೆ ಚೀಲಗಳ ಮರೆಯಲ್ಲಿ ಬಸ್ಸಿನ ಮೇಲೆಯೇ ಉಳಿದುಬಿಟ್ಟಿತ್ತು. ಬಸ್ಸು ಅದನ್ನು ಹೊತ್ತುಕೊಂಡು ಮುಂದಿನ ಊರಿಗೆ ಹೋಗಿತ್ತು. ತಿರುಗಿ ಬರುವುದು ಮರುದಿನ ಬೆಳಿಗ್ಗೆಯೇ.

ಟಾಕೀಜಿನ ಮಾಲೀಕರು ಪರದೆಯ ಪಕ್ಕದಲ್ಲೇ ನಿಂತು ಅಪ್ಪನನ್ನು ಬೈದರು. "ಜನಾ ಪರದೆ ಹರದ್ರ ಯಾರು ಜವಾಬ್ದಾರಿ? ನಾಳಿಂದ ನೀ ಇತ್ತ ಬರಬ್ಯಾಡ!" ಅಪ್ಪ ತಲೆ ತಗ್ಗಿಸಿ, "ತಪ್ಪಾತ್ರಿ" ಅಂದ. ಅಪ್ಪ ಹಾಗೆ ನಿಂತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ಎದ್ದು ನಿಂತು ಕೂಗಿಯೇಬಿಟ್ಟಳು. "ನನ್ನ ತಂಗಿಗೆ ಕೊನಿ ಗೊತ್ತೈತ್ರಿ! ಬೆಟಗೇರ್ಯಾಗ ನೋಡ್ಯಾಳ! ಆಕಿ ಹೇಳ್ತಾಳ!"

ನಾನು ಅವಳ ಲಂಗ ಹಿಡಿದು ಜಗ್ಗಿದೆ. "ನೀನ ಹೇಳ, ನೀನೂ ನೋಡೀಯಲ್ಲ" ಅಂದೆ.

"ನಾ ಮಲಗಿದ್ದೆನವಾ. ಅಪ್ಪನ್ನ ನೋಡಲ್ಲಿ. ಜಲ್ದಿ ಏಳ!"

ಯಾರೋ ನನ್ನನ್ನು ಎತ್ತಿ ಪರದೆಯ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸಿದರು. ಎದುರಿಗೆ ಊರೇ ಕೂತಿತ್ತು. ಮೊಣಕಾಲು ಗಡಗಡ ಎಂದವು. ಹಾಗೆ ನಡುಗುತ್ತಲೇ ನನಗೆ ಆ ಹುಡುಗಿ ನೆನಪಾದಳು. ಅವಳ ನಡುಕವೂ ನಿಂತಿರಲಿಲ್ಲ, ನಡುಗುತ್ತಲೇ ಒಳಗೆ ಹೋಗಿದ್ದಳು. ನಾನು ಬಾಯಿ ತೆರೆದೆ.

ಮೊದಲೆರಡು ಮಾತು ಯಾರಿಗೂ ಕೇಳಲಿಲ್ಲ. "ಜೋರ ಹೇಳವಾ ತಂಗಿ!" ಎಂದು ಹಿಂದಿನಿಂದ ಕೂಗಿದರು. ಅಕ್ಕ ಎಲ್ಲಿಂದಲೋ ಒಂದು ಖಾಲಿ ತಗಡಿನ ಪೆಟ್ಟಿಗೆ ತಂದು, ನಾನು ರಾಕ್ಷಸ ಎದ್ದ ಎಂದಾಗ ಅದರ ಮೇಲೆ ದಢ್ ದಢ್ ಎಂದು ಗುದ್ದಿದಳು. ಟಾಕೀಜು ಗಪ್ಪಾಯಿತು. ನನ್ನ ದನಿ ನನಗೇ ಕೇಳಿಸತೊಡಗಿತು.

ಇನ್ನು ರಾಜಕುಮಾರ ಏಳಬೇಕಾದ ಜಾಗ ಬಂತು. ಅವನನ್ನು ಎಬ್ಬಿಸಲು ನನಗೆ ಮನಸ್ಸೇ ಬರಲಿಲ್ಲ. ಅವನು ಕಲ್ಲಾಗಿಯೇ ಇರಲಿ ಎಂದು ಬಿಟ್ಟುಬಿಟ್ಟೆ. "ಹುಡುಗಿ ರಾಕ್ಷಸನ ಕೈ ತಪ್ಪಿಸಿ ಹರವಿ ಹತ್ರ ಹೋದಳ್ರಿ. ಬೆರಳಲೆ ಬಾರಿಸಿ ನೋಡಿದಳು, ಠಣ್ ಅಂತು. ಆ ಕಡೆ ಬಾರಿಸಿದಳು, ಠಣ್ ಅಂತು. ಕೆಳಗ ಒಂದು ಕಡೆ ಬಾರಿಸಿದಾಗ ಬದ್ ಅಂತು. ಅಲ್ಲಿ ಸೀಳು ಐತಿ ಅಂತ ಆಕಿಗೆ ಗೊತ್ತಾತು. ಒಂದು ಸಣ್ಣ ಕಲ್ಲ ತಗೊಂಡು ಅಲ್ಲೇ ಹೊಡದಳ್ರಿ!" ಹರವಿ ಒಡೆಯಿತು, ಹೊಳೆ ನುಗ್ಗಿತು, ರಾಕ್ಷಸ ಕೊಚ್ಚಿಹೋದ. ನೀರು ತಾಕಿದ ಮೇಲೆ ರಾಜಕುಮಾರರೆಲ್ಲ ಎದ್ದು, ಒದ್ದೆ ಬಟ್ಟೆಯಲ್ಲಿ ತಮ್ಮ ತಮ್ಮ ಊರಿಗೆ ಹೋದರು.

ಸಂತೆಯಲ್ಲಿ ಗಡಿಗೆ ಮಾರುವ ಅಜ್ಜಿ ಎದ್ದು ನಿಂತು, "ಖರೆ ಐತ್ರೆಪಾ! ಒಡಕ ಗಡಿಗಿ ದನಿ ಬ್ಯಾರೇನ ಇರ್ತೈತಿ. ನಮ್ಮ ಮನಿ ಹುಡುಗ್ಯಾರಿಗೆ ಅದು ಗೊತ್ತಿರ್ತೈತಿ!" ಎಂದಳು. ಆಗ ಎದ್ದ ಚಪ್ಪಾಳೆಗೆ ಚಾವಣಿಯ ಪಾರಿವಾಳಗಳೆಲ್ಲ ಹಾರಿದವು.

ಮಾಲೀಕರು ನಕ್ಕುಬಿಟ್ಟರು. "ನಾಳಿ ಎಲ್ಲಾರೂ ಬರ್ರಿ, ಕೊನಿ ರೀಲ್ ಪುಕ್ಕಟೆ ತೋರಿಸ್ತೀವಿ" ಎಂದು ಜನರಿಗೆ ಹೇಳಿ, ಅಪ್ಪನ ಕಡೆ ತಿರುಗಿ, "ಇನ್ನ ಮ್ಯಾಲೆ ಪೆಟಗಿ ಎಣಿಸಿ ಇಳಿಸ್ಕೋ" ಎಂದರು.

ಮರುದಿನ ರೀಲು ಬಂತು, ಜನರೂ ಬಂದರು. ಪರದೆಯ ಮೇಲೆ ರಾಜಕುಮಾರ ಎದ್ದು ಕತ್ತಿ ಬೀಸಿದ. ನಾನು ಅಕ್ಕನ ಬೆನ್ನ ಹಿಂದೆ ಅಡಗಿ ಕೂತಿದ್ದೆ. ಹೆಂಗಸರ ಸಾಲಿನಿಂದ ಅದೇ ಅಜ್ಜಿ ಕೂಗಿದಳು, "ಇದಲ್ರೀ! ನಿನ್ನಿ ಕೊನಿ ಹಚ್ಚರಿ!" ಟಾಕೀಜಿಗೆ ಟಾಕೀಜೇ ನಕ್ಕಿತು. ಮನೆಗೆ ಬರುವಾಗ ಅಪ್ಪ, "ನಿನ್ನಿ ಹೇಳಿದ್ದು ನೀನ ಕಟ್ಟಿದ್ದೇನು?" ಎಂದು ಕೇಳಿದ. ಹೂಂ ಎಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಹೆಗಲೇರುವ ವಯಸ್ಸು ನನಗೆ ಮೀರಿತ್ತು, ಆದರೂ ಮನೆಯವರೆಗೆ ಹಾಗೆಯೇ ಬಂದೆ.

ಈಗ ನಿಮಗೆ ಯಾವ ಪೆಟ್ಟಿಗೆಯೂ ಕಳೆಯುವುದಿಲ್ಲ. ಬೇಕಾದಾಗ ಸಿನಿಮಾ ಶುರುವಾಗುತ್ತದೆ, ನೀರು ಕುಡಿಯಲು ಎದ್ದರೆ ರಾಕ್ಷಸನೂ ನಿಮಗಾಗಿ ಕಾಯುತ್ತಾನೆ. ನಿಮ್ಮ ರಾಕ್ಷಸರ ಮೈಮೇಲಿನ ಒಂದೊಂದು ಕೂದಲೂ ಕಾಣುತ್ತದೆ. ನಮ್ಮವನ ಕೊಂಬು ರಟ್ಟಿನದು, ಎಲ್ಲರಿಗೂ ಗೊತ್ತಿತ್ತು. ಮೊನ್ನೆ ಭಾನುವಾರ ನೀವೆಲ್ಲ ಟಿವಿಯ ಮುಂದೆ ಕೂತಿದ್ದಿರಿ. ಪರದೆಯ ಮೇಲಿನ ಹುಡುಗ ಒಬ್ಬನೇ ಕತ್ತಲೆಯ ಕಾಡಿಗೆ ಹೊರಟಾಗ, ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಮೆಲ್ಲಗೆ ಬಂದು ನನ್ನ ಕೈ ಹಿಡಿದುಕೊಂಡ.

"ಅಜ್ಜಿ, ಅಂವಾ ನನ್ನಷ್ಟ ಅದಾನಲ್ಲ?"

"ಹೌದಪಾ, ನಿನ್ನಷ್ಟ ಅದಾನ" ಅಂದೆ.

ಅವನು ನನ್ನ ಕೈ ಬಿಟ್ಟು, ಟಿವಿಗೆ ಇನ್ನೂ ಹತ್ತಿರ ಸರಿದು ಕೂತ.