ಕಳ್ಳ ಸತ್ತನೆಂದು ಹಂಚಿದ ಬೆಲ್ಲ

ನಾನು ಸೊಸೆಯಾಗಿ ಬಂದ ವರ್ಷವೇ ನಮ್ಮ ಸೀಮೆಯ ಹೆಸರಾಂತ ಕಳ್ಳ ಸತ್ತ. ಸತ್ತದ್ದು ನಮ್ಮ ಮನೆ ಮುಂದಿನ ಹಗೇವಿನಲ್ಲಿ, ಅಂದರೆ ನೆಲದಡಿಯ ಕಾಳಿನ ಗುಂಡಿಯಲ್ಲಿ, ನಮ್ಮದೇ ಜೋಳದ ಮೇಲೆ. ಆ ಖುಷಿ ಏನು ಹೇಳಲಿ! ಆಳಂದದಿಂದ ಅಫಜಲಪುರದವರೆಗೆ ಅವನು ಮುಟ್ಟದ ಮನೆ ಇರಲಿಲ್ಲ. ಬಾವಿಯ ಹಗ್ಗ ಬಿಟ್ಟವನಲ್ಲ, ಬಾಣಂತಿ ಹೊದ್ದ ಕೌದಿ ಬಿಟ್ಟವನಲ್ಲ. ಹಿಡಿಯಲು ಬಂದ ನಿಜಾಮನ ಪೊಲೀಸರ ಕುದುರೆಯ ಜೀನನ್ನೇ ಹೊತ್ತೊಯ್ದಿದ್ದ. ನಮ್ಮ ಅತ್ತೆ ಮಲಗಿದ್ದಾಗ ತವರಿನ ಬೋರಮಾಳ ಸರವನ್ನು ಕೊರಳಿಂದಲೇ ಬಿಚ್ಚಿಕೊಂಡು ಹೋಗಿದ್ದ. ಅಂದಿನಿಂದ ಅತ್ತೆ ಮುಂಜಾನೆ ಎದ್ದು ದೇವರಿಗೆ ಕೈಮುಗಿದು, ಆಮೇಲೆ ಅವನಿಗೊಂದು ಶಾಪ ಹಾಕಿಯೇ ಒಲೆ ಹೊತ್ತಿಸುತ್ತಿದ್ದರು.

ಅವತ್ತು ಎಳ್ಳಮಾವಾಸ್ಯೆ. ಊರಿಗೆ ಊರೇ ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ಭೂತಾಯಿಗೂ ಉಣಿಸಿ, ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಹೊಟ್ಟೆ ಬಿರಿಯ ಉಂಡು ಇಳಿಹೊತ್ತಿಗೆ ಬಂಡಿಯಲ್ಲಿ ಬಂದು ನೋಡಿದರೆ, ಹಗೇವಿನ ಬಾಯಿಯ ಚಪ್ಪಡಿ ಆಚೆ ಬಿದ್ದಿದೆ, ಒಳಗೆ ಇವನು ಬೋರಲು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆರೆದು ಒಪ್ಪತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಕಳ್ಳನಿಗೆ ಅಷ್ಟು ಪುರುಸೊತ್ತೆಲ್ಲಿ?

ಹೆಣದ ಚಿಂತೆ ಯಾರಿಗೂ ಇರಲಿಲ್ಲ, ಜೋಳ ಕೆಡುತ್ತದಲ್ಲ ಎಂಬ ಚಿಂತೆ. ಗಂಡಸರು ಕಂಬಳಿಗೆ ಹಗ್ಗ ಕಟ್ಟಿ ಒಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ ಕೆಟ್ಟ ಗಾಳಿ ಹೊರಗೆ ಹಾಕಿದರು. ಇಳಿಸಿದ ದೀಪ ಆರಲಿಲ್ಲ. ಇಬ್ಬರು ಇಳಿದು ಅವನನ್ನು ಮೂಟೆಯಂತೆ ಮೇಲಕ್ಕೆಳೆದು ಬೇವಿನ ಕಟ್ಟೆಯ ಮೇಲೆ ಮಲಗಿಸಿದರು. ಹಲಗೆಯ ಬಡಿತ ಶುರುವಾಯಿತು. ಮಾವ ಬೆಲ್ಲದ ಪೆಂಟಿಯನ್ನೇ ಒಡೆದು ಹಂಚಿದರು. ನಾನಂತೂ ಮೊದಲಿಗಳಾಗಿ ಬಾಯಿಗೆ ಹಾಕಿಕೊಂಡೆ. ನಗು ತಡೆಯಲಿಕ್ಕಾಗದೆ ಸೆರಗು ಬಾಯಿಗೆ ತುರುಕಿದ್ದೆ.

ಅತ್ತೆ ಮಾತ್ರ ತಮ್ಮ ಪಾಲನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟರು.

"ನಿನ್ನ ಬೋರಮಾಳ ಕದ್ದಾಂವ ಸತ್ತಾನ. ತಿನ್ನ ಬೇ," ಎಂದರು ಮಾವ.

"ಹೆಣದ ಮುಂದ ಬೆಲ್ಲ ನನ್ನ ಗಂಟಲಾಗ ಇಳಿಯಂಗಿಲ್ಲ್ರೀ. ಅವನನ್ನ ಬೈಯಾಕ ನನಗ ಹಕ್ಕೈತಿ, ಸಾವಿಗಿ ಬೆಲ್ಲ ತಿನ್ನಾಕ ಯಾರಿಗೈತಿ?"

ಹಲಗೆ ಸಣ್ಣಗಾಯಿತು. ನನ್ನ ಬಾಯೊಳಗಿನ ಬೆಲ್ಲದ ಪಾಡೇ ಪಾಡು! ನುಂಗಿದರೆ ಅತ್ತೆ, ಉಗುಳಿದರೆ ಮಾವ. ಮಾವನ ಮುಖ ಕೆಂಪಾಯಿತು. ಊರ ಮುಂದೆ ಹೆಂಡತಿ ಹೀಗಂದದ್ದನ್ನು ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಹಲಗೆಯವನಿಗೆ ಇನ್ನೂ ಜೋರಾಗಿ ಬಾರಿಸಲು ಹೇಳಿದರು. ಅತ್ತೆ ಸೀದಾ ಹೋಗಿ ಕಟ್ಟೆಯ ಮೇಲೆ ಅವನ ತಲೆಯ ಹತ್ತಿರ ಕೂತು, ಸೆರಗಿನಿಂದ ಅವನ ಮುಖದ ಜೋಳದ ಧೂಳು ಒರೆಸತೊಡಗಿದರು.

ಹೆಣ ಕೆಮ್ಮಿತು.

ಅಯ್ಯಯ್ಯೋ, ಆ ಓಟ ನೋಡಬೇಕಿತ್ತು! ಹಲಗೆಯವನು ಹಲಗೆ ಬಿಟ್ಟು ಓಡಿದ, ಮಾವ ಬೆಲ್ಲದ ಬುಟ್ಟಿ ಹಿಡಿದೇ ಓಡಿದರು, ನನಗೆ ಬೆಲ್ಲ ತಾನಾಗಿಯೇ ಇಳಿಯಿತು. ಕಳ್ಳ ಕಣ್ಣು ಬಿಟ್ಟು, ಚೆಲ್ಲಿದ ಬೆಲ್ಲವನ್ನೂ ಹೆಂಗಸರ ಹಬ್ಬದ ಹೊಸ ಸೀರೆಗಳನ್ನೂ ನೋಡಿ ಮೆಲ್ಲಗೆ ಕೇಳಿದ:

"ಯಾರ ಲಗ್ನರೀ?"

ಓಡಿದವರು ಒಬ್ಬೊಬ್ಬರಾಗಿ ಮರಳಿ ಬಂದು ದೂರದಲ್ಲೇ ನಿಂತರು. ಅತ್ತೆ ಮಾತ್ರ ಅವನಿಗೆ ನೀರು ಕುಡಿಸಿ, ಬೋರಮಾಳ ಎಲ್ಲಿ ಎಂದು ಕೇಳಿದರು. ಓಹೋ, ಇದಕ್ಕೇ ಅವನ ಮುಖ ಒರೆಸಿದ್ದು ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವನು ತಲೆ ತಗ್ಗಿಸಿ, ಜೇವರ್ಗಿ ಸಂತೆಯಲ್ಲಿ ಮಾರಿ ಎಂದೋ ತಿಂದು ಮುಗಿಸಿದೆ ಎಂದ.

ಅತ್ತೆಯ ಕಣ್ಣು ತುಂಬಿತು. ತವರಿನದೆಂದು ಅವರಿಗೆ ಉಳಿದಿದ್ದ ಒಂದೇ ಒಂದು ಒಡವೆ ಅದು. ಬೆವರಿಗೆ ಅಂಟಂಟಾದ ಮುಷ್ಟಿ ಬಿಚ್ಚಿ, ಆ ಬೆಲ್ಲ ಮುರಿದು ಅರ್ಧ ಅವನ ಬಾಯಿಗೆ ಹಾಕಿದರು, ಅರ್ಧ ತಮ್ಮ ಬಾಯಿಗೆ.

"ಈಗ ಬಾರಸ್ರಿ ಹಲಗಿ," ಎಂದರು.